ಹಾದಿ ಮೇಸ್ತ್ರಿಯೂ ಓಬೆಲಿನ್ ಮನೆಯ ನಲ್ಲಿಯೂ

ಹಿಮವನ್ನು ಸಮ ಮಾಡುವುದೂ ಒಂದು ಕಲೆ ಎಂದು ಈ ಭೂಮಿಯ ಮೇಲೆ ನಂಬಿರುವವನು ನಾನೊಬ್ಬನೇ ಇರಬೇಕು. ನನ್ನ ಹೆಂಡತಿ ಕ್ಲೋಡೆಟ್ ಕೂಡ ನಂಬುವುದಿಲ್ಲ. ನನ್ನ ಹೆಸರು ಲೆಯೋನ್ಸ್ ಡೇಗಲ್. ಊರು ಅಮೆರಿಕದ ಮೇಯ್ನ್ ಸೀಮೆಯ ಉತ್ತರದ ತುದಿ, ಹೊಳೆ ದಾಟಿದರೆ ಕೆನಡಾ. ಇಲ್ಲಿ ಹಿಮದ ಮೇಲೆ ಓಡುವ ಬೈಕಿನಂಥ ಸ್ನೋಮೊಬೈಲ್ ಸವಾರರ ಸಂಘಕ್ಕೆ ಇಪ್ಪತ್ತೆರಡು ವರ್ಷದಿಂದ ನಾನೇ ಹಾದಿ ಮೇಸ್ತ್ರಿ. ಸಂಬಳವಿಲ್ಲ, ಒಂದು ಟೋಪಿ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ಚರ್ಚಿಗೂ ಹೋಗಿದ್ದೆ, ಪಾದ್ರಿಗಳು ತೆಗೆಸಿದರು.

ಕೆಲಸ ಇಷ್ಟೆ. ಟ್ರಾಕ್ಟರಿನಂಥ ಯಂತ್ರದಲ್ಲಿ ಕೂತು, ಹಿಂದೆ ಕಬ್ಬಿಣದ ಕುಂಟೆ ಎಳೆದುಕೊಂಡು, ಮೂವತ್ತು ಮೈಲಿ ಹಿಮವನ್ನು ಕೆರೆದು, ಒತ್ತಿ, ಗಟ್ಟಿ ಮಾಡುವುದು. ಆದರೆ ಹಾದಿ ನಮ್ಮದಾದರೂ ನೆಲ ಬೇರೆಯವರದು. ಕಾಗದ ಪತ್ರ ಏನಿಲ್ಲ. ನವೆಂಬರಿನಲ್ಲಿ ಮಾಂಸ ತುಂಬಿ ಬೇಯಿಸಿದ ಪೈ ಹಿಡಿದು ಮನೆಮನೆಗೆ ಹೋಗಿ "ಈ ಸಲವೂ ಹಾದುಹೋಗ್ಬಹುದಾ?" ಎಂದು ಕೇಳುತ್ತೇವೆ. "ಹೂಂ" ಎಂದರೆ ಅದೇ ನಮ್ಮ ದಸ್ತಾವೇಜು.

ಓಬೆಲಿನ್ ಮುದುಕಿಯ ಆಲೂಗಡ್ಡೆ ಹೊಲ ಆ ಹಾದಿಯ ಕುತ್ತಿಗೆ ಇದ್ದಂತೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಿದಾದ ಗುಡ್ಡ. ಅವಳು "ಊಹೂಂ" ಎಂದರೆ ಹಾದಿ ಎರಡು ತುಂಡು. ಅವಳಿಗೆ ಎಂಬತ್ತನಾಲ್ಕು; ಊರಿಗೆಲ್ಲ ತಾಂತ್, ಅಂದರೆ ಅತ್ತೆ. ಅವಳ ಷರತ್ತು ಒಂದೇ: "ಬೇಲಿ ಪಕ್ಕದಲ್ಲೇ ಹೋಗ್ಬೇಕು. ಮನೆ ಕಡೆ ಮೂತಿ ತಿರುಗಿಸ್ಬಾರದು."

ಈ ಜನವರಿಯಲ್ಲಿ ಗಾಳಿ ಬೇಲಿಯುದ್ದಕ್ಕೂ ಹಿಮದ ದಿಬ್ಬ ಒಟ್ಟಿತು. ಅದನ್ನು ಕಡಿಯಲು ಅರ್ಧ ದಿನ ಬೇಕು ಎಂದು ಲೆಕ್ಕ ಹಾಕಿ, ಯಂತ್ರವನ್ನು ಕೊಂಚ ಮನೆಯ ಕಡೆಗೆ ತಿರುಗಿಸಿದೆ. ನಿಜ ಹೇಳಬೇಕೆಂದರೆ ಸೋಮಾರಿತನ ಅರ್ಧ, ಜಂಬ ಅರ್ಧ. ಅಡುಗೆಮನೆಯಿಂದ ನೋಡಿ ಮುದುಕಿ "ಆಹಾ" ಎನ್ನಲಿ ಎಂದು ಐದು ಸಲ ಉಜ್ಜಿದೆ.

ಆಮೇಲೆ ಒಂದು ವಾರ ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಮಂಜುಗಡ್ಡೆಯಾಗುವ ಚಳಿ. ಶುಕ್ರವಾರ ಬೆಳಿಗ್ಗೆ ಮುದುಕಿಯ ಫೋನು ಬಂತು. ಮರುದಿನ ನಮ್ಮ ಸಂಘದ ಬೀನ್ಸ್ ಊಟ. ಮೂರೂರಿನ ಸವಾರರು ಆ ಹೊಲದ ಮೇಲೇ ಬರಬೇಕು.

"ಲೆಯೋನ್ಸ್, ನಲ್ಲೀಲಿ ನೀರು ಬರ್ತಿಲ್ಲ ಕಣೋ. ಬಂದು ನೋಡ್ತೀಯಾ?"

ಪೈಪು ಹೆಪ್ಪುಗಟ್ಟಿದ್ದರೆ ಬಿಸಿಗಾಳಿ ಬಿಡೋಣವೆಂದು ಕ್ಲೋಡೆಟ್‌ಳ ಕೂದಲೊಣಗಿಸುವ ಯಂತ್ರ ಹಿಡಿದು ಓಡಿದೆ. ನೆಲಮಾಳಿಗೆಗಿಳಿದು ವೈದ್ಯರ ಹಾಗೆ ಪೈಪು ತಟ್ಟಿದೆ.

"ಪೈಪು ಹಳೇದಾಯ್ತು, ತಾಂತ್."

"ನಿನಗಿಂತ ಹೊಸದು."

"ಹಾಗಾದ್ರೆ ಪಂಪು ಕೆಟ್ಟಿದೆ."

"ಗುರ್ರ್ ಅಂತಿದೆಯಲ್ಲೋ, ಕಿವಿ ಇಲ್ವಾ?"

"ಬಾವೀಲೇ ನೀರು ಕಮ್ಮಿ ಇರ್ಬೇಕು."

"ಬಾವೀಲಿ ಇದೆ. ನಿನ್ನ ತಲೇಲಿ ಏನೂ ಇಲ್ಲ."

ಮೇಲೆ ಬಂದು ಹೊರಗೆ ನೋಡಿದೆ. ಬಾವಿಯ ಗುಡಿಸಲಿಗೂ ಮನೆಗೂ ನಡುವೆ ಅಡ್ಡಡ್ಡಲಾಗಿ, ತಟ್ಟೆಯ ಹಾಗೆ ಹೊಳೆಯುತ್ತ, ನನ್ನ ಹಾದಿ ಮಲಗಿತ್ತು. ಸಡಿಲ ಹಿಮ ನೆಲಕ್ಕೆ ಕಂಬಳಿ. ಒತ್ತಿದರೆ ಕಂಬಳಿ ಕಿತ್ತ ಹಾಗೆ, ಚಳಿ ನೇರ ಕೆಳಗಿಳಿದು ನೆಲದಡಿಯ ಪೈಪನ್ನು ಹೆಪ್ಪುಗಟ್ಟಿಸುತ್ತದೆ. ಪ್ರತಿ ವರ್ಷ ಹೊಸ ಸದಸ್ಯರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಇದೇ ಪಾಠ ಹೇಳುವವನು ನಾನೇ.

ಸುಮ್ಮನಿದ್ದರೆ, ನೆಲದ ಹೆಪ್ಪು ಕರಗುವ ಮೇ ತಿಂಗಳವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಹೊಲ ಹೋಯಿತು. ನಾಳೆ ಬರುವವರಿಗೆ ಹಗ್ಗ ಕಟ್ಟಿ ಮುಚ್ಚಿದ ದಾರಿ. ಮುದುಕಿ ಮುಂದೆ ಕಾಫಿ ಇಟ್ಟಳು. "ಹಿಮ ಕರಗಿಸಿ ಮಾಡಿದ್ದು. ಕುಡಿ." ಲೋಟವನ್ನು ಪಕ್ಕಕ್ಕೆ ಸರಿಸಿದೆ.

"ತಾಂತ್, ಇದು ನನ್ನ ಕೆಲಸ. ಪೈಪಿನ ಮೇಲೆ ಹಾದಿ ಒತ್ತಿಬಿಟ್ಟೆ."

"ಬೇಲಿ ಪಕ್ಕ ಅಂದಿದ್ದೆ ತಾನೇ?"

"ಅಂದಿದ್ರಿ."

"ಮತ್ಯಾಕೆ ಬಂದೆ ಈ ಕಡೆ?"

"ಚೆನ್ನಾಗಿ ಕಾಣ್ಲಿ ಅಂತ."

"ಯಾರಿಗೆ?"

"ನಿಮಗೆ."

ಬಕೆಟ್ಟಿನಲ್ಲಿ ತಲೆ ಸಿಕ್ಕಿಸಿಕೊಂಡ ಕರುವನ್ನು ನೋಡುವಂತೆ ನನ್ನನ್ನು ನೋಡಿದಳು. ಎದ್ದು ಒಲೆಗೆ ಸೌದೆ ಹಾಕಿದಳು.

"ನಲ್ಲೀಲಿ ನೀರು ಬರೋ ತನಕ ದಿನಾ ನೀರು ತಂದುಹಾಕ್ಬೇಕು."

"ಆಗ್ಲಿ."

"ಹಾದಿ ಬೇಲಿ ಪಕ್ಕಕ್ಕೆ ಹೋಗ್ಬೇಕು, ಇವತ್ತೇ. ಸಂಘಕ್ಕೆ ನನ್ನ ಹೊಲ ಇದೆ. ನಿನಗಿಲ್ಲ. ನನ್ನ ನೆಲದ ಮೇಲೆ ನೀನು ಆ ಯಂತ್ರದಲ್ಲಿ ಕೂರಕೂಡದು."

"ಮತ್ತೆ ಯಾರು ಓಡಿಸೋದು, ತಾಂತ್?"

"ಕ್ಲೋಡೆಟ್ ಇಲ್ವಾ? ಅವಳಿಗೆ ಹೇಳಿದ ಮಾತು ಕೇಳಿಸುತ್ತೆ."

ಕ್ಲೋಡೆಟ್ ಅದುವರೆಗೆ ಯಂತ್ರವನ್ನು ಮುಟ್ಟಿರಲಿಲ್ಲ. ಕಲೆಯ ಗುಟ್ಟುಗಳನ್ನು ಹೇಳಿಕೊಡಲು ಶುರುಮಾಡಿದೆ. ಹತ್ತು ನಿಮಿಷಕ್ಕೆ ಕೈಯೆತ್ತಿ "ಸಾಕು, ಇಳೀರಿ" ಎಂದಳು. ನಾನು ಅರ್ಧ ದಿನ ಎಂದು ಹೆದರಿದ್ದ ದಿಬ್ಬವನ್ನು ಒಂದು ಗಂಟೆಯಲ್ಲಿ ಕಡಿದು ಹಾಸಿದಳು. ಮರುದಿನ ಊಟದಲ್ಲಿ ಪಕ್ಕದೂರಿನವನೊಬ್ಬ ನನ್ನ ಬೆನ್ನು ತಟ್ಟಿ, "ಆ ಬೇಲಿ ಪಕ್ಕದ್ದು ಬಹಳ ಚೆನ್ನಾಗಿದೆ ಮಾರಾಯ. ಈ ಇಪ್ಪತ್ತು ವರ್ಷದಲ್ಲಿ ಹೀಗೆ ಮಾಡಿರ್ಲಿಲ್ಲ ನೀನು" ಎಂದ. ಪುಣ್ಯಕ್ಕೆ ಬಾಯಿ ತುಂಬ ಬೀನ್ಸ್ ಇತ್ತು.

ಈಗ ಮಾರ್ಚ್. ದಿನಾ ಬೆಳಿಗ್ಗೆ ನಾಲ್ಕು ಕ್ಯಾನ್ ನೀರು ಹೊರುತ್ತೇನೆ. ಹಾದಿ ಸವರುವ ದಿನ ಓಬೆಲಿನ್‌ಳ ಗಡಿಯಲ್ಲಿ ಇಳಿಯುತ್ತೇನೆ. ಕ್ಲೋಡೆಟ್ ಸೀಟಿಗೆ ಜರುಗುತ್ತಾಳೆ. ನಾನು ಕುಂಟೆಯ ಹಿಂದೆ ನಡೆಯುತ್ತೇನೆ. ನಿನ್ನೆ ಸವಾರರಿಬ್ಬರು ನಿಂತು ಕೇಳಿದರು: "ಏನಾಯ್ತು ಮೇಸ್ತ್ರಿ, ಯಂತ್ರ ಕೈಕೊಡ್ತಾ?"

ನಾನು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಕ್ಲೋಡೆಟ್ ಕೂಗಿದಳು: "ಯಂತ್ರಕ್ಕೇನಾಗಿಲ್ಲ. ಅವರು ಶಿಕ್ಷೆ ಮುಗಿಸ್ತಿದ್ದಾರೆ. ನೀವು ಹೋಗಿ!"

ಹೋದರು. ಇನ್ನೂ ಕಾಲು ಮೈಲಿ ಇತ್ತು. ಕಾಲಡಿಯಲ್ಲಿ ಹಿಮ ನಿಜಕ್ಕೂ ಬಹಳ ಚೆನ್ನಾಗಿ ಕೂತಿತ್ತು.