ಸಗೀರಾ ಬದಲಿಸಿದ ಸೂಜಿ

ಬಸವನ ಬಾಗೇವಾಡಿಯ ಸರ್ಜನ್ ಡಾಕ್ಟರ್ ಮುಕ್ತಾರ ನದಾಫ ತೀರಿಕೊಂಡು ಎಂಟು ತಿಂಗಳಾದರೂ ಮಾತಾಡಿಸಿಕೊಂಡು ಹೋಗಲು ಬರುವವರು ನಿಂತಿಲ್ಲ. ಬಂದವರು ಅವರ ಹೆಂಡತಿ ಸಗೀರಾಳ ಎದುರು ಕೂತು, ಎರಡು ಮಾತು ಆಡಿ, ಆಮೇಲೆ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಾರೆ. ಇಂಡಿ ಊರಿನ ಮೇಷ್ಟ್ರಿಗೆ ಹರ್ನಿಯಾ, ಮುದ್ದೇಬಿಹಾಳದ ಕಿರಾಣಿ ಅಂಗಡಿಯವನಿಗೆ ಕರುಳಿನ ಗಂಟು. ಗಂಡನನ್ನು ಕಳೆದುಕೊಂಡವಳಿಗೆ ಹೊಟ್ಟೆ ತೋರಿಸುವುದು ಅದೆಂಥ ಸಮಾಧಾನವೋ ದೇವರೇ ಬಲ್ಲ. ಆದರೆ ಅವರ ಬಳಿ ಡಾಕ್ಟರರ ನೆನಪು ಎಂದು ಇರುವುದು ಆ ಒಂದು ಗೆರೆಯೇ ತಾನೆ!

"ಕೈ ಅಂದ್ರ ಅದು ಕೈ ನೋಡ್ರಿ ಅಮ್ಮಾರ. ಕಡೀತನಕ ಒಂದೀಟೂ ನಡುಗಲಿಲ್ಲ," ಎನ್ನುತ್ತಾರೆ.

ಸಗೀರಾ "ಹೌದ್ರಿ" ಎಂದು ಚಹಾದ ನೆವ ಮಾಡಿ ಒಳಗೆ ಹೋಗುತ್ತಾಳೆ. ನಡುಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ.

ಮುಕ್ತಾರರ ತಂದೆ ಗೈಬುಸಾಬರು ಹೂವಿನ ಹಿಪ್ಪರಗಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿ ಕೊಡುವುದು ಮಗನ ಪಾಲಿಗೆ ಬಂತು. ಅದೇ ಮಗ ಡಾಕ್ಟರಿಕೆ ಕಲಿತು ಬಾಗೇವಾಡಿಯಲ್ಲಿ ದವಾಖಾನೆ ತೆರೆದು ಮೂವತ್ತೈದು ವರ್ಷ ಊರವರ ಹೊಟ್ಟೆ ಹೊಲಿದರು. ಮನೆಯಲ್ಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಮಗಳು ನಿಷತಳಿಗೆ ಸಾಲಿಗೆ ಹೋಗುವ ಮುಂಚೆ ಜಡೆ ಹಾಕುವವರು ಅವರೇ. ರಿಬ್ಬನ್ನಿಗೆ ಗಾಯದ ಹೊಲಿಗೆಗೆ ಹಾಕುವ ಗಂಟು ಹಾಕಿಬಿಡುತ್ತಿದ್ದರು, ಸಂಜೆ ಕತ್ತರಿ ಇಲ್ಲದೆ ಬಿಚ್ಚಲು ಬರುತ್ತಿರಲಿಲ್ಲ. ಆಪರೇಷನ್ ಮುಗಿಯುವುದು ನಾಲ್ಕು ಗಂಟೆಗಾದರೂ ಸರಿ, ಮನೆಗೆ ಬಂದು ಸಗೀರಾಳ ಜೊತೆ ಕೂತೇ ರೊಟ್ಟಿ ಮುರಿಯಬೇಕು. ಇಂಥ ಗಂಡನ ಮೇಲೆ ಜಗಳ ಮಾಡಲೂ ನೆಪ ಸಿಗುವುದಿಲ್ಲ ಎಂದು ಅವಳು ತಂಗಿಯರ ಮುಂದೆ ದೂರುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳು ಕುಪ್ಪಸದ ಅಂಚು ಹೊಲಿಯಲು ಕೂತು ಸೂಜಿ ಪೋಣಿಸಿಕೊಡಿ ಎಂದಿದ್ದಳು. ಒಂದೇ ಸಲಕ್ಕೆ ಪೋಣಿಸಿಕೊಟ್ಟ ಮುಕ್ತಾರ, "ಇವತ್ತಿನ ಕೈ ಖರೇ ಐತಿ," ಎಂದು ನಕ್ಕು ಆಪರೇಷನ್ ಥಿಯೇಟರಿಗೆ ಹೋದರು. ಅಂದಿನಿಂದ ಅದೇ ರೂಢಿಯಾಯಿತು. ಆಪರೇಷನ್ ಇದ್ದ ದಿನ ನಾಷ್ಟಾದ ತಾಟಿನ ಪಕ್ಕ ಸಣ್ಣ ಕಣ್ಣಿನ ಆ ಸೂಜಿ, ಬಿಳಿ ದಾರ ಇರಲೇಬೇಕು.

"ನೋಡು ಸಗೀರಾ," ಎಂದಿದ್ದರು ಒಮ್ಮೆ, "ಯಾವತ್ತು ದಾರ ಒಳಗ ಹೋಗಂಗಿಲ್ಲ, ಅವತ್ತಿಂದ ನಾ ಚಾಕು ಹಿಡಿಯಂಗಿಲ್ಲ. ಅದನ್ನ ನೀನ ಹೇಳಬೇಕು. ಡಾಕ್ಟರ್ ಆದಾವ ತನಗ ತಾನ ಸುಳ್ಳು ಹೇಳ್ಕೋತಾನ."

ಅವಳು ಆಯಿತೆಂದು ಮಾತು ಕೊಟ್ಟಿದ್ದಳು.

ಮುಕ್ತಾರರ ಅರವತ್ತಾರನೇ ವಯಸ್ಸಿನಲ್ಲಿ ಒಂದು ಸೋಮವಾರ ದಾರ ಮೂರು ಸಲ ತಪ್ಪಿತು. "ಫ್ಯಾನಿನ ಗಾಳಿಗೆ ಹಾರಾಕತ್ತೈತಿ," ಎಂದರು. ಸಗೀರಾ ಎದ್ದು ಫ್ಯಾನು ಆರಿಸಿದಳು. ಬುಧವಾರ ಐದು ಸಲ ತಪ್ಪಿತು. ಫ್ಯಾನು ಆರಿಸಿಯೇ ಇತ್ತು, ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಬಸಿಯ ಮೇಲೆ ಕಪ್ಪು ಇಡುವಾಗ ಕಟಕಟ ಸದ್ದಾಯಿತು.

ಹೇಳಬೇಕಿತ್ತು. ಬಾಯಿಗೆ ಬಂದ ಮಾತನ್ನು ನುಂಗಿದಳು. ಥಿಯೇಟರಿಲ್ಲದ ಶುಕ್ರವಾರವೇ ಮನೆ ತುಂಬ ಅತ್ತಿತ್ತ ತಿರುಗಿ ಜೀವ ಹಿಂಡುವ ಮನುಷ್ಯ, ಇನ್ನು ಮೇಲೆ ಎಲ್ಲ ದಿನವೂ ಶುಕ್ರವಾರವೇ ಎಂದರೆ ಬದುಕಿಯಾರೇ? ಗಂಡ ಕಣ್ಣೆದುರಿಗೇ ಕುಸಿದುಹೋದಾರು ಎಂಬ ಹೆದರಿಕೆ ಅವಳನ್ನು ಹಿಡಿದುಕೊಂಡಿತು. ಮಧ್ಯಾಹ್ನ ಸಣ್ಣ ಸೂಜಿಯನ್ನು ಟ್ರಂಕಿನ ತಳದಲ್ಲಿ ಮುಚ್ಚಿಟ್ಟು, ಕೌದಿ ಹೊಲಿಯುವ ದೊಡ್ಡ ಕಣ್ಣಿನ ಸೂಜಿ ತೆಗೆದಳು. ಮರುದಿನ ತಾಟಿನ ಪಕ್ಕ ಅದನ್ನೇ ಇಟ್ಟಳು. ಮುಕ್ತಾರ ಸೂಜಿ ಕೈಗೆತ್ತಿಕೊಂಡು ಬೆರಳಲ್ಲಿ ಒಮ್ಮೆ ಹೊರಳಿಸಿದರು. ಆಮೇಲೆ ದಾರ ಒಂದೇ ಸಲಕ್ಕೆ ಒಳಗೆ ಹೋಯಿತು.

ಅಲ್ಲಿಂದ ನಾಲ್ಕು ತಿಂಗಳು ಸಗೀರಾ ನೆಮ್ಮದಿಯಾಗಿ ಒಂದು ತುತ್ತು ನುಂಗಲಿಲ್ಲ. ಫೋನು ಬಡಿದುಕೊಂಡರೆ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ನಮಾಜಿನಲ್ಲಿ ಗಂಡನ ಆಯುಷ್ಯಕ್ಕಿಂತ ಮೊದಲು ಅವಳು ಕೇಳಿಕೊಳ್ಳುತ್ತಿದ್ದುದು ಅಂದು ಟೇಬಲ್ಲಿನ ಮೇಲೆ ಮಲಗಿದ, ಹೆಸರು ಗೊತ್ತಿಲ್ಲದವರ ಜೀವ. ಥಿಯೇಟರಿನ ಕೆಲಸಗಾರ ಚಂದ್ರಾಮನನ್ನು ಹಾದಿಯಲ್ಲಿ ನಿಲ್ಲಿಸಿ, "ಎಲ್ಲಾರೂ ಆರಾಮ ಅದಾರೇನಪಾ?" ಎನ್ನುವಳು. "ಯಾಕ್ರಿ ಅಮ್ಮಾರ, ದಿನಾ ಕೇಳ್ತೀರಲ್ರಿ," ಎಂದು ಅವನು ಹಲ್ಲು ಕಿರಿಯುವನು.

ಒಂದು ಮಂಗಳವಾರ ಡಬ್ಬಿ ಕೊಡಲು ದವಾಖಾನೆಗೆ ಹೋದಾಗ ಮೆಟ್ಟಿಲ ಮೇಲೆ ಮೂರು ಮಕ್ಕಳು ಒಂದೇ ಬಿಸ್ಕೀಟು ಪುಡಿಕೆಗೆ ಕೈಹಾಕಿ ತಿನ್ನುತ್ತಿದ್ದವು. ಮನಗೂಳಿಯ ನೀಲವ್ವನ ಮಕ್ಕಳು. ತಾಯಿಯನ್ನು ಆಗಷ್ಟೇ ಪಿತ್ತಕೋಶದ ಹರಳಿಗೆಂದು ಒಳಗೆ ಕರೆದೊಯ್ದಿದ್ದರು. ಸಣ್ಣದು ಸಗೀರಾಳನ್ನು ನೋಡಿ ಅರ್ಧ ಬಿಸ್ಕೀಟು ಚಾಚಿತು. ಈಗಲೇ ಒಳಗೆ ನುಗ್ಗಿ ಹೇಳಿಬಿಡಲೇ ಎನ್ನಿಸಿತು. ಆದರೂ ಡಬ್ಬಿ ಚಂದ್ರಾಮನ ಕೈಗೆ ಕೊಟ್ಟು, ಬಿಸಿಲಲ್ಲಿ ಸೆರಗು ಮುಂದೆಳೆದುಕೊಂಡು ಮನೆಗೆ ಬಂದುಬಿಟ್ಟಳು.

ಮರುದಿನ ಹನ್ನೊಂದು ಗಂಟೆಗೆ ಚಂದ್ರಾಮನ ಫೋನು ಬಂತು.

"ಅಮ್ಮಾರ, ನಿಷತಕ್ಕಾರನ್ನ ಸಿಂದಗಿ ಗಂಡನ ಮನ್ಯಾಗಿಂದ ಕರಕೊಂಡ ಬಂದಾರ್ರಿ. ಅಪೆಂಡಿಕ್ಸ್ ಒಡದೈತಂತ. ಸೀದಾ ಥಿಯೇಟರಿಗೆ ಒಯ್ದೇವ್ರಿ. ಸಾಹೇಬ್ರು ಇಲ್ಲೇ ಅದಾರ, ಅಂಜಬ್ಯಾಡ್ರಿ."

ಸಾಹೇಬರು ಇದ್ದಾರೆ ಎಂಬುದೇ ಅವಳ ಅಂಜಿಕೆ ಎಂದು ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು? ಒಲೆಯ ಮೇಲಿನ ಸಾರು ಹಾಗೇ ಬಿಟ್ಟಳು. ಬಾಗಿಲು ಹಾಕಿದಳೋ ಇಲ್ಲವೋ ನೆನಪಿಲ್ಲ. ಅರವತ್ತು ದಾಟಿದ ಹೆಂಗಸು ಬರಿಗಾಲಲ್ಲಿ ಎರಡು ಓಣಿ ಓಡಿದಳು. ಬೆಳಿಗ್ಗೆ ಆ ಸುಳ್ಳು ಸೂಜಿ ಇಟ್ಟ ಕೈಯನ್ನು ಕಡಿದು ಹಾಕಬೇಕು ಎನ್ನಿಸುತ್ತಿತ್ತು.

ಥಿಯೇಟರಿನ ಮುಂದೆ ಬಂದವಳು ಥಟ್ಟನೆ ನಿಂತಳು. ಮೂವತ್ತೈದು ವರ್ಷ ರೋಗಿಗಳ ಕಡೆಯವರು ಕೂತು ಕಾದ ಬೆಂಚಿನ ಮೇಲೆ ಡಾಕ್ಟರ್ ಮುಕ್ತಾರ ನದಾಫ ಒಬ್ಬರೇ ಕೂತಿದ್ದರು. ಕೈಗವಸು ಇರಲಿಲ್ಲ, ಬರಿಗೈ ಎರಡೂ ಮೊಳಕಾಲ ನಡುವೆ. ಮಗಳು ಒಳಗಿರುವಾಗ ಇವರು ಹೊರಗೆ ಬಂದು ಕೂತಿದ್ದಾರೆಂದರೆ ಎಲ್ಲ ಮುಗಿದುಹೋಯಿತು ಎಂದೇ ಅವಳು ತಿಳಿದಳು.

"ನಿಷತ ಎಲ್ಲಿ? ನೀವ್ಯಾಕ ಹೊರಗದೀರಿ? ಏನಾತು ಹೇಳ್ರಿ!"

"ಒಳಗದಾಳ. ಪಾರ್ಥ ಮಾಡಾಕತ್ತಾನ. ಕುಂಡ್ರು."

ಪಾರ್ಥ ಎಂದರೆ ಸಾಲೋಟಗಿಯ ತರುಣ ಸರ್ಜನ್, ಮೂರು ವರ್ಷದಿಂದ ಮುಕ್ತಾರರ ಕೈಕೆಳಗೆ ಪಳಗಿದವನು. ಸಗೀರಾ ಕೂರಲಿಲ್ಲ.

"ನಾ ಮೋಸ ಮಾಡೇನ್ರಿ. ಸೂಜಿ ಬದಲಿ ಮಾಡೇನಿ, ನಾಕು ತಿಂಗಳಾತು. ನಿಮ್ಮ ಕೈ ನಡಗತೈತಿ. ನೀವು ಒಳಗ ಹೋಗಬ್ಯಾಡ್ರಿ, ನಿಮ್ಮ ಕಾಲು ಬೀಳ್ತೇನಿ."

"ಗೊತ್ತೈತಿ," ಎಂದರು ಮುಕ್ತಾರ. "ಗಾದಿ ಹೊಲಿಯಾವನ ಮಗ ನಾನು. ಕೌದಿ ಸೂಜಿ ಯಾವುದಂತ ನನ್ನ ಬೆರಳಿಗೆ ತಿಳಿಯಂಗಿಲ್ಲೇನು? ನೀ ಸೂಜಿ ಬದಲಿ ಮಾಡಿದಿ ಅಂದ್ರ ನನ್ನ ಕೈ ಹೋತು ಅಂತ ಅರ್ಥ. ಅವತ್ತಿಂದ ನಾ ಚಾಕು ಹಿಡದಿಲ್ಲ. ಎಲ್ಲಾ ಪಾರ್ಥನ ಮಾಡ್ತಾನ, ನಾ ಮಗ್ಗಲಕ ನಿಂದರ್ತೇನಿ. ಪೇಶಂಟ್ ಮಂದಿಗೂ ಹೇಳೇನಿ. ಇವತ್ತ ಮಾತ್ರ ಮಗ್ಗಲಕ ನಿಂದ್ರಾಕೂ ಧೈರ್ಯ ಆಗಲಿಲ್ಲ."

ಅದು ನಿಜವೇ. ಯಾರು ಕೊಯ್ದರೂ ನದಾಫ ಡಾಕ್ಟರು ಮಾಡಿದರು ಎಂದೇ ಹೇಳುವ ಊರು ಇದು. ಅವಳ ಕಿವಿಗೆ ಬಿದ್ದದ್ದೂ ಅಷ್ಟೇ.

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ಬಂದು ಹೇಳ್ತಿ ಅಂತ ದಿನಾ ಕಾದೆ."

ಮುಕ್ಕಾಲು ಗಂಟೆ ಇಬ್ಬರೂ ಆ ಬೆಂಚಿನ ಮೇಲೆ ಕೂತರು. ಅವರ ನಡುಗುವ ಕೈಯನ್ನು ಅವಳು ಹಿಡಿದುಕೊಂಡಿದ್ದಳು. ಬಾಗಿಲು ತೆರೆದು ಪಾರ್ಥ ಬಂದ. "ಕಾಕೂ, ನಿಷತ ಆರಾಮ ಅದಾಳ್ರಿ. ಅಂಜೂದೇನಿಲ್ಲ." ಸಗೀರಾ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಳು ನಿಂತ ಮೇಲೆ ಮುಕ್ತಾರ ಮೆಲ್ಲಗೆ ಕೇಳಿದರು.

"ನಿನ್ನಿ ಆ ಮನಗೂಳಿ ನೀಲವ್ವ ಇದ ಟೇಬಲ್ ಮ್ಯಾಲ ಮಲಗಿದ್ದಳು. ನಿನ್ನಿ ಯಾಕ ಓಡಿ ಬರಲಿಲ್ಲ ಸಗೀರಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಎದ್ದು ಮಗಳಿದ್ದ ಕಡೆ ನಡೆದಳು. ಆಮೇಲೆ ಅವರು ಎರಡು ವರ್ಷ ಬದುಕಿದರು. ಓಪಿಡಿಯಲ್ಲಿ ಕೂತು ರೋಗಿಗಳನ್ನು ನೋಡಿದರು, ನಿಷತಳ ಮಗಳಿಗೆ ತಪ್ಪುತಪ್ಪಾಗಿ ಜಡೆ ಹಾಕಿದರು, ಸಗೀರಾ ಹೆದರಿದ ಹಾಗೆ ಕುಸಿಯಲಿಲ್ಲ. ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲೂ ಇಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಈಗ ಅನ್ನಿಸುತ್ತದೆ.

ಕಳೆದ ವಾರ ನೀಲವ್ವ ಬಂದಳು. ಮಕ್ಕಳು ಎತ್ತರವಾಗಿದ್ದವು, ಹೊರಗೆ ಮೆಟ್ಟಿಲ ಮೇಲೆ ಕೂತವು. ಅವಳೂ ಎಲ್ಲರಂತೆ ಸೀರೆ ಸರಿಸಿ ಗುರುತು ತೋರಿಸಿದಳು. "ಈ ಜೀವ ಸಾಹೇಬ್ರದ್ರಿ ಅಮ್ಮಾರ."

ಸಗೀರಾ ಚಹಾಕ್ಕೆಂದು ಏಳಲಿಲ್ಲ. ಕೂತಲ್ಲೇ ಎಲ್ಲ ಹೇಳಿದಳು. ಸಣ್ಣ ಸೂಜಿ, ದೊಡ್ಡ ಸೂಜಿ, ಬಿಸ್ಕೀಟು ತಿನ್ನುತ್ತಿದ್ದ ಮಕ್ಕಳನ್ನು ನೋಡಿಯೂ ಡಬ್ಬಿ ಕೊಟ್ಟು ತಿರುಗಿ ಬಂದದ್ದು, ಮರುದಿನ ತನ್ನ ಮಗಳಿಗಾಗಿ ಬರಿಗಾಲಲ್ಲಿ ಓಡಿದ್ದು. ಡಾಕ್ಟರರಿಗೆ ತಿಳಿದಿರದಿದ್ದರೆ ಏನಾಗುತ್ತಿತ್ತೋ ಎಂಬುದನ್ನೂ ಬಿಡಲಿಲ್ಲ.

ನೀಲವ್ವ ಸೀರೆ ಸರಿಪಡಿಸಿಕೊಂಡು, ಮೆಟ್ಟಿಲ ಮೇಲಿದ್ದ ಮಕ್ಕಳನ್ನು ಹೆಸರು ಹಿಡಿದು ಒಳಗೆ ಕರೆದಳು. ಅಂದು ಹೊರಗೆ ಕೂತು ತನಗಾಗಿ ಕಾದಿದ್ದ ಆ ಮೂವರನ್ನೂ ತನ್ನ ಮಗ್ಗುಲಿಗೆ ಎಳೆದು ಕೂರಿಸಿಕೊಂಡಳು.