ಎರಡು ಮನೆಗೆ ಒಂದೇ ಮೆಟ್ಟಿಲು

ಮದುವೆಯಾಗಿ ನಾನು ಕೆ.ಆರ್. ಪೇಟೆಗೆ ಬಂದಾಗ ನಮ್ಮ ಮನೆಯ ಮುಂದೆ ರಸ್ತೆ ಇರಲಿಲ್ಲ. ರಸ್ತೆ ಬರುತ್ತದೆ ಎಂದು ನೆಟ್ಟ ಕಲ್ಲುಗಳಿದ್ದವು, ಅಷ್ಟೆ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಹೊಸಹೊಳಲಿನ ಕಡೆ ಹೋಗುವ ದಾರಿಯ ಪಕ್ಕ ಯಾರೋ ಹುರುಳಿ ಬಿತ್ತುತ್ತಿದ್ದ ಹೊಲವನ್ನು ಇಪ್ಪತ್ತಕ್ಕೆ ಮೂವತ್ತರ ಸೈಟುಗಳಾಗಿ ಮಾಡಿ ಮಾರಿದ್ದರು. ಪೇಟೆಯೊಳಗೆ ಜಾಗ ಕೊಳ್ಳಲಾಗದವರೆಲ್ಲ ಅಲ್ಲಿಗೆ ಬಂದಿದ್ದರು. ಮೇಷ್ಟ್ರುಗಳು, ಬಸ್ಸಿನ ಡ್ರೈವರುಗಳು, ಹಳ್ಳಿಯ ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಪೇಟೆ ಸೇರಿದವರು. ನನ್ನ ಯಜಮಾನರು ಕಚೇರಿಯಲ್ಲಿ ಗುಮಾಸ್ತರು. ನಮಗೊಂದು ಹಾಲು, ಒಂದು ರೂಮು, ಒಂದು ಅಡುಗೆಮನೆ.

ನಾನು ನಾಗಮಂಗಲದ ಕಡೆಯ ಹಳ್ಳಿಯವಳು. ಅಲ್ಲಿ ಕಾಳು ಒಣಹಾಕಲು ಕಣವಿತ್ತು, ಸಂಡಿಗೆ ಇಡಲು ಅಂಗಳವಿತ್ತು. ಇಲ್ಲಿ ಮುಂದೆ ಧೂಳು, ಹಿಂದೆ ಬಚ್ಚಲು. ಒಣಹಾಕುವುದಿದ್ದರೆ ತಾರಸಿಯ ಮೇಲೆಯೇ. ಆದರೆ ನಮ್ಮ ಸಾಲಿನ ಯಾವ ಮನೆಗೂ ಮೆಟ್ಟಿಲಿರಲಿಲ್ಲ. ಮೆಟ್ಟಿಲಿಗೆ ಜಾಗ ಬಿಟ್ಟರೆ ರೂಮೇ ಹೋಗುತ್ತಿತ್ತು. ಇಡೀ ಸಾಲಿಗೆ ಮೂಲೆ ಮನೆಯವರ ಒಂದು ಬಿದಿರಿನ ಏಣಿ. ಅದನ್ನು ಕೇಳಿ ತರಬೇಕು, ಹೊತ್ತಿಗೆ ಸರಿಯಾಗಿ ಹಿಂದಕ್ಕೆ ಕೊಡಬೇಕು.

ಮೊದಲ ಬೇಸಿಗೆಯಲ್ಲಿ ನಾನು ಸಂಡಿಗೆ ಹಿಟ್ಟಿನ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಆ ಏಣಿ ಹತ್ತಿದೆ. ಇನ್ನೆರಡು ಮೆಟ್ಟಿಲಿದ್ದಾಗ ಏಣಿಯ ಬುಡ ಜಾರಿತು. ಪಾತ್ರೆ ಬಿಟ್ಟು ಪ್ಯಾರಾಪೆಟ್ಟು ಹಿಡಿದುಕೊಂಡೆ. ಗಂಜಿಯಂಥ ಬಿಸಿ ಹಿಟ್ಟು ಗೋಡೆಯುದ್ದಕ್ಕೂ ಇಳಿಯಿತು. ಕೂಗಿದೆನೋ ಇಲ್ಲವೋ ನೆನಪಿಲ್ಲ. ಪಕ್ಕದ ಮನೆಯಿಂದ ಒಬ್ಬರು ಓಡಿ ಬಂದು ಏಣಿಯ ಬುಡಕ್ಕೆ ಕಾಲು ಕೊಟ್ಟು ನಿಂತರು.

"ಕೈ ಬುಡ್ಬೇಡ ಕಣವ್ವ! ಕಾಲು ಕೆಳಕ್ಕೆ ಬುಡು. ಆ... ಅಂಗೇ. ನಾನಿವ್ನಿ."

ಕೆಳಗಿಳಿದೆ. ಅವರು ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು, ಪಾಂಡವಪುರದ ಕಡೆಯವರು. ಗಂಡನದು ಸ್ವಂತ ಟ್ರಾಕ್ಟರು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಕೆಲಸ. ಒಂದೇ ಗೋಡೆಯ ಆಚೀಚೆ ಐದು ತಿಂಗಳಿದ್ದರೂ ಬಾಗಿಲಲ್ಲಿ ನಕ್ಕಿದ್ದು ಬಿಟ್ಟರೆ ಮಾತಾಡಿರಲಿಲ್ಲ. ಆ ದಿನದಿಂದ ಅವರು ನನಗೆ ಅಕ್ಕ, ಅವರ ಯಜಮಾನರು ಅಣ್ಣ.

ಮೆಟ್ಟಿಲಿನ ಉಪಾಯ ಹೇಳಿದ್ದು ಗೋಡೆಯ ಕಲೆಗೆ ಸುಣ್ಣ ಹೊಡೆಯಲು ಬಂದ ಗಾರೆಯವನು. ಎರಡು ಮನೆಗಳ ನಡುವೆ ಒಂದು ಓಣಿಯಿತ್ತು. ನಾವು ಎರಡೂವರೆ ಅಡಿ ಬಿಟ್ಟಿದ್ದೆವು, ಅವರೂ ಎರಡೂವರೆ ಅಡಿ ಬಿಟ್ಟಿದ್ದರು. ಮಧ್ಯದಲ್ಲಿ ಎದೆಯುದ್ದದ ಕಾಂಪೌಂಡು ಗೋಡೆ. ಅವನು ಅಲ್ಲಿ ಬೀಡಿ ಸೇದುತ್ತ ನಿಂತಿದ್ದವನು ನನ್ನನ್ನು ಕರೆದ.

"ಅಕ್ಕಾ, ನಿಮ್ಮ ಜಾಗದಾಗೆ ಮೆಟ್ಲು ಕಟ್ಟುದ್ರೆ ಬೆಕ್ಕೂ ಅತ್ತಕಿಲ್ಲ. ಅವರ್ದ್ರಾಗೆ ಕಟ್ಟುದ್ರೂ ಅತ್ತಕಿಲ್ಲ. ಈ ಗ್ವಾಡೆ ಕೆಡವ್ಬುಟ್ಟು ಎಲ್ಡೂ ಸೇರ್ಸುದ್ರೆ, ಮೂಟೆ ಒತ್ಕಂಡು ಓಗ್ಬೋದು."

ನನ್ನ ಯಜಮಾನರು ಎರಡು ದಿನ ಯೋಚಿಸಿದರು. ಕಚೇರಿಯಲ್ಲಿ ದಿನವೂ ಗಡಿ ಜಗಳದ ಅರ್ಜಿಗಳನ್ನು ನೋಡುವವರಿಗೆ ಇದ್ದ ಗೋಡೆಯನ್ನೇ ಕೆಡವುವುದು ಸುಲಭದ ಮಾತಲ್ಲ. ಅಣ್ಣ ಮಾತ್ರ ಯೋಚಿಸಲೇ ಇಲ್ಲ. ಮಾರನೆಯ ಭಾನುವಾರ ಟ್ರಾಕ್ಟರಿನಲ್ಲಿ ಮರಳು ತಂದು ಎರಡು ಬಾಗಿಲ ನಡುವೆ ಸುರಿದುಬಿಟ್ಟರು. "ಮರ್ಳು ನಂದು, ಸಿಮೆಂಟು ನಿಮ್ದು ಸಾರ್" ಎಂದರು. ಮರಳು ಬಂದ ಮೇಲೆ ಇವರೂ ಹೂಂ ಎನ್ನಲೇಬೇಕಾಯಿತು.

ಹದಿನಾರು ಮೆಟ್ಟಿಲು. ಮೇಲೆ ಒಂದು ಚಿಕ್ಕ ಕಟ್ಟೆ. ಎಡಕ್ಕೆ ತಿರುಗಿದರೆ ನಮ್ಮ ತಾರಸಿ, ಬಲಕ್ಕೆ ಅವರದು. ಮೆಟ್ಟಿಲ ಕೆಳಗೆ ಅವರ ಸೌದೆ, ನಮ್ಮ ಸೈಕಲ್ಲು. ಅಲ್ಲಿ ಎರಡು ಗೋಡೆಗಳ ನೆರಳು ಬೀಳುತ್ತಿದ್ದುದರಿಂದ ಬೇಸಿಗೆಯಲ್ಲಿ ನಮ್ಮ ಎರಡೂ ಮನೆಗಿಂತ ತಂಪು ಜಾಗ ಅದೇ. ಗಂಡಸರು ಕೆಲಸಕ್ಕೆ ಹೋದ ಮೇಲೆ ಅಕ್ಕ ಸೊಪ್ಪು ಹಿಡಿದು ಬಂದು ನಾಲ್ಕನೆಯ ಮೆಟ್ಟಿಲಲ್ಲಿ ಕೂರುತ್ತಿದ್ದರು, ನಾನು ಅಕ್ಕಿಯ ಮೊರ ಹಿಡಿದು ಆರನೆಯದರಲ್ಲಿ. ನನ್ನ ಮಗಳು ಅಂಬೆಗಾಲಿನಿಂದ ಎದ್ದು ನಿಂತದ್ದು ಆ ಮೆಟ್ಟಿಲು ಹಿಡಿದುಕೊಂಡೇ.

ಮೂರನೆಯ ವರ್ಷ ಅಣ್ಣ ಟೀವಿ ತಂದರು. ತಾರಸಿಯ ಮೇಲೆ ಆಂಟೆನಾ ಕಟ್ಟಬೇಕಲ್ಲ, ಅವರ ಕಡೆ ಎಲ್ಲಿ ನಿಲ್ಲಿಸಿದರೂ ಚಿತ್ರದ ತುಂಬ ಎಳ್ಳು ಚೆಲ್ಲಿದಂತೆ ಚುಕ್ಕಿ. ನಮ್ಮ ತಾರಸಿಯ ಮೂಲೆಯಲ್ಲಿ ನಿಲ್ಲಿಸಿದಾಗ ಚೆನ್ನಾಗಿ ಬಂತು. ಅಲ್ಲೇ ಕಟ್ಟಿಬಿಟ್ಟರು. ನನ್ನ ಯಜಮಾನರು ಸಂಜೆ ಬಂದು ನೋಡಿದರು. ಆ ದಿನ ಕಚೇರಿಯಲ್ಲಿ ಏನಾಗಿತ್ತೋ.

"ಒಂದು ಮಾತು ಕೇಳಬೋದಾಗಿತ್ತು" ಎಂದರು.

"ಮೆಟ್ಲೇ ಒಂದು ಅಂದ್ಮ್ಯಾಲೆ ನಿಮ್ದು ನಮ್ದು ಅಂತ ಏನದೆ ಸಾರ್?" ಎಂದು ಅಣ್ಣ ನಕ್ಕರು.

"ಮೆಟ್ಟಿಲು ಒಂದು. ತಾರಸಿ ಎರಡು."

ಅಣ್ಣನ ನಗು ನಿಂತಿತು. ಮೇಲೆ ಹೋಗಿ ಆಂಟೆನಾ ಬಿಚ್ಚಿಕೊಂಡು ಬಂದರು. ಅಂದಿನಿಂದ ಐದು ತಿಂಗಳು ಇಬ್ಬರಿಗೂ ಮಾತಿಲ್ಲ. ಒಬ್ಬರು ಮೇಲಿದ್ದರೆ ಇನ್ನೊಬ್ಬರು ಹತ್ತುತ್ತಿರಲಿಲ್ಲ. ಹತ್ತುವ ಮೊದಲು ಕೆಮ್ಮುವುದು ಒಂದು ರೂಢಿಯಾಯಿತು. ಮೇಲಿನಿಂದ ಮರುಕೆಮ್ಮು ಬಂದರೆ ಒಳಗೆ ವಾಪಸು.

ನಾನೂ ಅಕ್ಕನೂ ಮಾತು ಬಿಡಲಿಲ್ಲ. ಆದರೆ ಗಂಡಸರು ಮನೆಯಲ್ಲಿದ್ದಾಗ ಧ್ವನಿ ತಗ್ಗಿಸುತ್ತಿದ್ದೆವು. ನಮ್ಮ ಮೆಟ್ಟಿಲ ಮೇಲೆ ನಾವೇ ಕದ್ದು ಕೂತಂತೆ ಇರುತ್ತಿತ್ತು. ಒಮ್ಮೆ ನಾನು ಅಳುಮುಖ ಮಾಡಿದಾಗ ಅಕ್ಕ ಹೇಳಿದರು, "ಬುಡು, ಗಂಡಸ್ರು ಮುನುಸ್ಕಂಡ್ರೆ ನಾವ್ಯಾಕೆ ಸಮಾಧಾನ ಮಾಡಾನ? ಅವ್ರಾಗೇ ಬತ್ತರೆ." ಅಕ್ಕನಷ್ಟು ಧೈರ್ಯ ನನಗಿರಲಿಲ್ಲ. ಇವರು ಇನ್ನೆಲ್ಲಿ ಮತ್ತೆ ಗೋಡೆ ಕಟ್ಟಿಸುವ ಮಾತೆತ್ತುತ್ತಾರೋ ಎಂದು ಹೆದರುತ್ತಿದ್ದೆ.

ಯುಗಾದಿ ಕಳೆದ ಒಂದು ಭಾನುವಾರ ನಾನು ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಅದರ ತುಂಬ ಸಂಡಿಗೆ ಇಟ್ಟಿದ್ದೆ. ಅವರ ಕಡೆ ಅಕ್ಕ ವರ್ಷಕ್ಕಾಗುವಷ್ಟು ಒಣಮೆಣಸಿನಕಾಯಿ ಹರವಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ಮಗಳನ್ನು ಎತ್ತಿಕೊಂಡು ನಾನೂ ಅಕ್ಕನೂ ಬಳೆ ತೊಡಿಸಿಕೊಳ್ಳಲು ಪೇಟೆಗೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರ ಬಳೆಯಂಗಡಿಯಲ್ಲಿ ಕೈ ಚಾಚಿ ಕೂತಿದ್ದಾಗ ಹೊರಗೆ ಕತ್ತಲು ಕವಿಯಿತು. ಗಾಳಿ ಎದ್ದಿತು. ನೋಡನೋಡುತ್ತಿದ್ದಂತೆ ದಪ್ಪ ಹನಿ.

"ಓಯ್ತು ಕಣೆ, ಮೆಣಸಿನ್ಕಾಯೆಲ್ಲ ಓಯ್ತು" ಎಂದು ಅಕ್ಕ ತಲೆ ಮೇಲೆ ಕೈ ಹೊತ್ತರು. ಮಗಳನ್ನು ಎತ್ತಿಕೊಂಡು ಆ ಮಳೆಯಲ್ಲಿ ಓಡುವಂತಿರಲಿಲ್ಲ. ಅರ್ಧ ಗಂಟೆ ಅಂಗಡಿಯ ಸೂರಿನಡಿ ನಿಂತೆವು. ಮೂರು ದಿನ ಬೆಳಗಿನ ಜಾವ ಎದ್ದು ಕಾಸಿದ ಹಿಟ್ಟು ನೆನೆದು ನೀರಾಗುವುದನ್ನು ನಾನು ನಿಂತಲ್ಲೇ ಮನಸ್ಸಿನಲ್ಲಿ ನೋಡುತ್ತಿದ್ದೆ.

ಮಳೆ ನಿಂತ ಮೇಲೆ ಕೆಸರಿನಲ್ಲಿ ಮನೆಗೆ ಬಂದೆವು. ನಮ್ಮ ಬಾಗಿಲು ತೆರೆದರೆ ಮಂಚದ ಮೇಲೆ ಕೆಂಪಗೆ ಮೆಣಸಿನಕಾಯಿ ರಾಶಿ. ಪಕ್ಕದಲ್ಲಿ ನನ್ನ ಯಜಮಾನರು ಕಣ್ಣುಜ್ಜಿಕೊಳ್ಳುತ್ತ, ಸೀನುತ್ತ ಕೂತಿದ್ದರು. ಉಜ್ಜಿದಷ್ಟೂ ಉರಿ ಹೆಚ್ಚುತ್ತಿತ್ತು. ಆ ಕಡೆಯಿಂದ ಅಕ್ಕ ಕೂಗಿದರು, "ಬಾ ಇಲ್ಲಿ, ನೋಡ್ಬಾ!" ಹೋಗಿ ನೋಡಿದರೆ ಅವರ ಹಾಲಿನಲ್ಲಿ ನನ್ನ ಸೀರೆ ಸಮೇತ ಸಂಡಿಗೆ. ಒಂದೂ ನೆನೆದಿರಲಿಲ್ಲ. ಒದ್ದೆ ಬನಿಯನ್ನಿನಲ್ಲಿ ಅಣ್ಣ ಗೋಡೆಗೊರಗಿ ಕೂತಿದ್ದರು.

ಆಗಿದ್ದು ಇಷ್ಟು. ಗಾಳಿ ಎದ್ದಾಗ ಅಣ್ಣ ಮೊದಲು ಮೇಲೆ ಹೋಗಿದ್ದಾರೆ. ಕಟ್ಟೆಯ ಹತ್ತಿರಕ್ಕೆ ನಮ್ಮ ಸಂಡಿಗೆಯ ಸೀರೆಯಿತ್ತು. ಅದರ ಒಂದು ತುದಿ ಹಿಡಿದು "ಸಾರ್, ಸಂಡ್ಗೆ!" ಎಂದು ಕೂಗಿದ್ದಾರೆ. ಐದು ತಿಂಗಳ ನಂತರದ ಮೊದಲ ಮಾತು ಅದು. ಇವರು ಓಡಿ ಹೋಗಿ ಇನ್ನೊಂದು ತುದಿ ಹಿಡಿದಿದ್ದಾರೆ. ಹತ್ತಿರದ ಬಾಗಿಲು ಅವರದು, ಅಲ್ಲಿಗೆ ಇಳಿಸಿದ್ದಾರೆ. ಆಮೇಲೆ ಇವರು ಬರಿಗೈಯಲ್ಲಿ ಮೆಣಸಿನಕಾಯಿ ಬಾಚಿ, ಯಾವ ಮನೆ ಎಂದೂ ನೋಡದೆ ನಮ್ಮ ಮಂಚಕ್ಕೆ ಸುರಿದಿದ್ದಾರೆ.

"ಅಂಗಾರೆ ಮಾತಾಡುದ್ರಾ?" ಎಂದು ಅಕ್ಕ ಗಂಡನನ್ನು ಕೇಳಿದರು.

"ಮಾತಾಡಕ್ಕೆ ಟೈಮೆಲ್ಲಿತ್ತು? ಮೊದ್ಲು ಸಾರ್‌ಗೆ ಮಜ್ಗೆ ಕೊಡು, ಕಣ್ಗೆ ಆಕ್ಕೊಳ್ಲಿ."

ಮಾರನೆಯ ಭಾನುವಾರ ನನ್ನ ಯಜಮಾನರೇ ಆಂಟೆನಾ ಹಿಡಿದು ನಮ್ಮ ಮೂಲೆಯಲ್ಲಿ ನಿಂತಿದ್ದರು. ಕೆಳಗಿನಿಂದ ಅಣ್ಣ, "ಇನ್ನೊಸಿ ತಿರುಗ್ಸಿ... ಬಂತು, ಬಂತು, ಓಯ್ತು!" ಎನ್ನುತ್ತಿದ್ದರು. ಯಾರಾದರೂ ಕ್ಷಮೆ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಬಹುಶಃ ಯಾರೂ ಕೇಳಲಿಲ್ಲ.

ದಶಕದ ಕೊನೆಗೆ ಇವರಿಗೆ ನಾಗಮಂಗಲಕ್ಕೆ ವರ್ಗವಾಯಿತು. ನನ್ನ ತವರಿನ ಹತ್ತಿರ ಎಂದು ಅಲ್ಲೇ ಮನೆ ಮಾಡಲು ತೀರ್ಮಾನಿಸಿ ಈ ಮನೆ ಮಾರಿದೆವು. ಕೊಳ್ಳಲು ಬಂದವರು ಶ್ರೀರಂಗಪಟ್ಟಣದ ಕಡೆಯ ಗಂಡ ಹೆಂಡತಿ. ಗಂಡನಿಗೆ ಎಲ್ಲ ಒಪ್ಪಿಗೆಯಾಯಿತು, ಮೆಟ್ಟಿಲೊಂದು ಬಿಟ್ಟು. "ಪತ್ರದಲ್ಲಿ ಇದರ ಸುದ್ದಿನೇ ಇಲ್ವಲ್ಲ? ನಾಳೆ ತಕರಾರು ಬಂದ್ರೆ?" ಎಂದು ಮತ್ತೆ ಗೋಡೆ ಕಟ್ಟಿಸುವ ಮಾತಾಡಿದರು. ಮನೆ ಮಾರಿದವಳಿಗೆ ಮೆಟ್ಟಿಲ ಮೇಲೇನು ಅಧಿಕಾರ?

ಅಷ್ಟರಲ್ಲಿ ಅಕ್ಕ ಆ ಹೆಂಗಸಿನ ಕೈ ಹಿಡಿದು, "ಗ್ವಾಡೆ ಕಟ್ಟುದ್ರೆ ಅಪ್ಳ ಎಲ್ಲಿ ಒಣಾಕೀಯವ್ವ? ಬಾ ಮ್ಯಾಕೆ" ಎಂದು ಕರೆದುಕೊಂಡು ಹೋದರು. ಯಾವ ಮೂಲೆಯಲ್ಲಿ ಸಂಜೆಯವರೆಗೆ ಬಿಸಿಲಿರುತ್ತದೆ ಎಂದು ತೋರಿಸುವ ಧ್ವನಿ ಕೆಳಗೆ ಕೇಳುತ್ತಿತ್ತು. ನನಗೆ ಸಮಾಧಾನವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಳಿದು ಬಂದ ಆಕೆ ಗಂಡನಿಗೆ, "ಇರ್ಲಿ ಬುಡಿ, ಬರ್ಸ್ಕಳಿ" ಎಂದರು. ಪತ್ರ ಬರೆಯುವವರು ಕೊನೆಗೆ ಒಂದು ಸಾಲು ಸೇರಿಸಿದರು: ಮಧ್ಯದ ಮೆಟ್ಟಿಲಿನ ಮೇಲೆ ಉಭಯ ಮನೆಯವರಿಗೂ ಸಮಾನ ಹಕ್ಕು.

ಮರುವರ್ಷ ಒಂದು ಮದುವೆಗೆ ಕೆ.ಆರ್. ಪೇಟೆಗೆ ಹೋದಾಗ ಆ ಕಡೆ ನಡೆದೆ. ರಸ್ತೆಗೆ ಜಲ್ಲಿ ಬಿದ್ದಿತ್ತು. ಮೆಟ್ಟಿಲು ಹತ್ತಿದರೆ ಮೇಲಿನ ಕಟ್ಟೆಯಲ್ಲಿ ಅಕ್ಕನೂ ನಮ್ಮ ಮನೆ ಕೊಂಡಾಕೆಯೂ ಹಪ್ಪಳ ಲಟ್ಟಿಸುತ್ತಿದ್ದರು. ಅಕ್ಕ ನನ್ನನ್ನು ಕಂಡು ಏಳಲೂ ಇಲ್ಲ; ಹಿಟ್ಟಿನ ಕೈಯಲ್ಲೇ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬಾ, ಕೂತ್ಕೊ. ಉಂಡೆ ಕಟ್ಕೊಡು, ಕೈ ಬಿದ್ದೋಗ್ಯವೆ."

ಮದುವೆಯ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಹೊತ್ತಾಗುವವರೆಗೂ ಉಂಡೆ ಕಟ್ಟಿಕೊಟ್ಟೆ.