ಗಾಡಿ ನಿಂತರೆ ಚಪ್ಪಾಳೆ ತಟ್ಟುವ ಅಂಜನಮೂರ್ತಿ

ಜೋಗುಪಾಳ್ಯದ ಗಲ್ಲಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಆಗಲೇ ಮೆಕ್ಯಾನಿಕ್ ಅಂಜನಮೂರ್ತಿ, ಶಾಂತಕುಮಾರಿಯ ಸ್ಕೂಲ್ ವ್ಯಾನಿನ ಮುಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದಾರೆ. ಕೈಯಲ್ಲಿ ಸ್ಪ್ಯಾನರ್ ಕೂಡ ಇಲ್ಲ. "ದಿನಾ ಹೋಗೋ ದಾರೀಲೇ ಓಡ್ಸಿ ಶಾಂತಮ್ಮ. ಮಕ್ಕಳಿಗೆ ಹಾಕ್ತೀರಲ್ಲ, ಆ ಹಾಡೂ ಹಾಕಿ," ಎನ್ನುತ್ತಾರೆ.

ಓಡುತ್ತ ಓಡುತ್ತ ಪಕ್ಕನೆ ಆಫ್ ಆಗಿ, ಮತ್ತೆ ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುವ ಗಾಡಿಗಳೇ ಇವರ ಪಾಲಿಗೆ ಬರುವುದು. ಉಳಿದವರೆಲ್ಲ ಕೈಚೆಲ್ಲಿದ ಮೇಲೆ ಜನಕ್ಕೆ ಇವರ ನೆನಪು. ಇಂಥ ಗಾಡಿಗಳು ಮಹಾ ಕಿಲಾಡಿಗಳು, ಗ್ಯಾರೇಜಿಗೆ ಬಂದೊಡನೆ ಸಾಧುಗಳಾಗಿಬಿಡುತ್ತವೆ. ಅದಕ್ಕೇ ಅಂಜನಮೂರ್ತಿ ಮೊದಲು ಬಾನೆಟ್ ತೆಗೆಯುವುದಿಲ್ಲ. ಶಿವಾಜಿನಗರದಲ್ಲಿ ಕೆಲಸ ಕಲಿಸಿದ ಅಸ್ಗರ್ ಉಸ್ತಾದರು ಹೇಳಿದ್ದು ಇಷ್ಟೇ: ಗಾಡಿ ನಿನ್ನ ಕಣ್ಣೆದುರಿಗೇ ನಿಲ್ಲಬೇಕು, ಅಲ್ಲಿವರೆಗೆ ಏನನ್ನೂ ಬಿಚ್ಚಬೇಡ.

ಶಾಂತಕುಮಾರಿಯ ವ್ಯಾನು ಹಳೇ ಮದ್ರಾಸ್ ರಸ್ತೆಯಲ್ಲಿ ಮಕ್ಕಳ ಸಮೇತ ನಿಂತುಬಿಟ್ಟಿತ್ತು. "ಹಿಂದೆ ಬಸ್ಸು ಬ್ರೇಕ್ ಹಾಕಿದ್ ಸದ್ದು ಇನ್ನೂ ಕಿವೀಲೇ ಇದೆ ಅಣ್ಣ. ರೋಗ ಸಿಗೋವರ್ಗೂ ಒಂದ್ ಮಗೂನೂ ಹತ್ತಿಸಲ್ಲ," ಎಂದು ಅವರೇ ಮಕ್ಕಳನ್ನು ಕರೆದೊಯ್ಯುವುದನ್ನು ನಿಲ್ಲಿಸಿದ್ದಾರೆ. ಸೋಮವಾರದೊಳಗೆ ಸರಿಹೋಗದಿದ್ದರೆ ಮಕ್ಕಳು ಬೇರೆ ವ್ಯಾನಿಗೆ ಹೋಗುತ್ತಾರೆ. ಇವತ್ತು ಶನಿವಾರ.

ಅಂಜನಮೂರ್ತಿ ಕೇಳಿದ ಮೊದಲ ಪ್ರಶ್ನೆ ವಿಚಿತ್ರವಾಗಿತ್ತು. "ಇಂಜಿನ್ ಆಫ್ ಆದಾಗ ಹಾಡೂ ನಿಲ್ತಾ?" ನಿಂತಿತ್ತು. ಹಾಗಾದರೆ ಪೆಟ್ರೋಲಿನದಲ್ಲ, ಕರೆಂಟಿನ ತಂಟೆ. ಅಷ್ಟು ಗೊತ್ತಾದರೂ ಕಳ್ಳ ಸಿಗಲಿಲ್ಲ. ಎರಡು ಸಲ ತಾವೇ ಒಯ್ದು ಸುತ್ತಾಡಿಸಿದರು. ಹಾಡು ನಿಲ್ಲಲೇ ಇಲ್ಲ.

ಇವತ್ತೂ ಅದೇ ಕಥೆ. ಹಲಸೂರು ದಾಟಿ, ಕೆ.ಆರ್. ಪುರದವರೆಗೆ ಹೋಗಿ, ಗುಂಡಿಗಳಲ್ಲೆಲ್ಲ ಎದ್ದು ಬಿದ್ದು ಬಂದರೂ ವ್ಯಾನು ಹಾಡುತ್ತಲೇ ಇದೆ. ಶಾಂತಕುಮಾರಿಯ ಮುಖ ಸಪ್ಪಗಾಗಿದೆ. ಮನೆ ಮುಂದೆ ಇಳಿದು, "ಕಾಫಿನಾದ್ರೂ ಕುಡೀರಿ ಅಣ್ಣ," ಎನ್ನುತ್ತಾರೆ.

ಲೋಟ ಹಿಡಿದು ಗೋಡೆಗೆ ಒರಗಿದ ಅಂಜನಮೂರ್ತಿಯ ತಲೆಗೆ ಮೊಳೆಗೆ ತೂಗುಹಾಕಿದ ಏನೋ ಝಲ್ಲೆಂದು ಬಡಿಯುತ್ತದೆ. ತಿರುಗಿ ನೋಡಿದರೆ ಒಂದು ಹಿಡಿ ಬೀಗದ ಕೈಗಳ ಗೊಂಚಲು.

"ಇದೇನಮ್ಮ?"

"ಮಕ್ಕಳ ಮನೆ ಕೀಗಳು ಅಣ್ಣ. ಅಪ್ಪ ಅಮ್ಮ ಕೆಲ್ಸಕ್ಕೆ ಹೋಗಿರ್ತಾರಲ್ಲ, ಸಾಯಂಕಾಲ ನಾನೇ ಬೀಗ ತೆಗ್ದು ಒಳಗೆ ಬಿಟ್ಟು ಬರ್ತೀನಿ. ವ್ಯಾನ್ ಕೀ ಜೊತೇಲೇ ಇರತ್ತೆ. ಮಕ್ಕಳಿಲ್ದೇ ಇರೋವಾಗ, ಗ್ಯಾರೇಜಿಗೆ ಕೊಡೋವಾಗ ಬಿಚ್ಚಿಡ್ತೀನಿ. ಬೇರೆಯವ್ರ ಮನೆ ಕೀ, ನಂಬಿ ಕೊಟ್ಟಿದಾರೆ."

ಅಂಜನಮೂರ್ತಿ ಅರ್ಧ ಕಾಫಿ ಅಲ್ಲೇ ಬಿಡುತ್ತಾರೆ. "ಹಾಕಿ, ಹಾಕಿ! ನಡೀರಿ!"

ಗೊಂಚಲು ನೇತುಹಾಕಿಕೊಂಡು ವ್ಯಾನು ಮತ್ತೆ ಹೊರಡುತ್ತದೆ. ಗಲ್ಲಿಯ ಕೊನೆಯ ಹಂಪ್ ಹತ್ತಿ ಧಡಕ್ಕನೆ ಇಳಿದದ್ದೇ ತಡ, ಗೊಂಚಲು ಜಗ್ಗುತ್ತದೆ, ಇಂಜಿನ್ ಆಫ್, ಹಾಡೂ ಬಂದ್. ಅಂಜನಮೂರ್ತಿ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಎದುರಿನ ಅಂಗಡಿಯವನು ಬಾಗಿಲೆತ್ತುವುದನ್ನು ಬಿಟ್ಟು ನೋಡುತ್ತಾನೆ.

"ಕೀ ಹಾಕೋ ಸ್ವಿಚ್ ಒಳಗೆ ಸವೆದು ಸಡಿಲ ಆಗಿದೆ. ಈ ಭಾರ ಜಗ್ಗಿದ್ರೆ ಕರೆಂಟ್ ಕಟ್. ನೀವು ಜೋಪಾನವಾಗಿ ಬಿಚ್ಚಿಟ್ಟು ಕೊಡ್ತಿದ್ರಿ, ನಾನು ದಡ್ಡನ ಥರ ಬರೀ ವ್ಯಾನ್ ಕೀ ಹಾಕಿ ಓಡಿಸ್ತಿದ್ದೆ," ಎಂದು ನಗುತ್ತಾರೆ. ಮಧ್ಯಾಹ್ನದೊಳಗೆ ಹೊಸ ಸ್ವಿಚ್ ಕೂರುತ್ತದೆ. ಗೊಂಚಲು ದಾರಕ್ಕೆ ಪೋಣಿಸಿಕೊಂಡು ಶಾಂತಕುಮಾರಿಯ ಕೊರಳಿಗೆ ಹೋಗುತ್ತದೆ.

ಇವರ ಗ್ಯಾರೇಜ್ ಎಂದರೆ ತಗಡಿನ ಸೂರಿನಡಿ ಒಂದೇ ಗಾಡಿ ಹಿಡಿಸುವ ಜಾಗ. ನೆಲದ ಮೇಲೆ ಮಲಗಿ ಎದ್ದು ಸೊಂಟ ಹಿಡಿದುಕೊಂಡಿದೆ. ದಿನಕ್ಕೊಂದು ಗಾಡಿ ಮುಗಿದರೆ ಅದೇ ಹೆಚ್ಚು. "ಊರವರ ಗಾಡಿ ಎಲ್ಲಾ ಓಡ್ಸಿ ಬರ್ತಾರೆ. ನಮ್ಮ ಮಿಕ್ಸಿ ಮಾತ್ರ ನಿಂತಿದ್ದು ನಿಂತೇ ಇದೆ," ಎಂದು ಹೆಂಡತಿ ಆದಿಲಕ್ಷ್ಮಿ ಛೇಡಿಸುತ್ತಾರೆ. ಈ ಮನುಷ್ಯನನ್ನು ಮೆಚ್ಚದೆ ಇರುವುದು ಕಷ್ಟ.

ಸೋಮವಾರ ಬೆಳಿಗ್ಗೆ ಅಂಜನಮೂರ್ತಿ ಹಲ್ಲುಜ್ಜುತ್ತ ಗಲ್ಲಿಯ ತುದಿಯಲ್ಲಿ ನಿಂತಿದ್ದಾರೆ. ಮಕ್ಕಳು ತುಂಬಿದ ವ್ಯಾನು ಹಂಪ್ ಏರಿ, ಧಡಕ್ಕನೆ ಇಳಿದು, ಮುಂದೆ ಸಾಗುತ್ತದೆ. ಮುಂದೆ ಏನಾದರೂ ಆಸೆ ಇದೆಯೇ ಎಂದು ಪಕ್ಕದಲ್ಲಿ ನಿಂತ ನಾನು ಕೇಳಿದರೆ ಬ್ರಷ್ ಹಿಡಿದ ಕೈ ಎತ್ತಿ ಸುಮ್ಮನಿರಿಸುತ್ತಾರೆ. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆಯೇ ಮಾತು.

"ಹಾಡು ನಿಲ್ಲಲಿಲ್ಲ, ಕೇಳಿದ್ರಾ?"